ಕಂಪ್ಯೂಟರ್ ಕಾಲಕ್ಕೆ ಕಿರಿದಾದ ಕೊಳಗ: 2038ಕ್ಕೆ ಮುನ್ನ ಆಗಬೇಕಾದುದೇನು?

ಕೊಳಾಲ (ಕೊರಟಗೆರೆ ತಾ.): ಈ ಹೋಬಳಿಯ ಕುಟುಂಬವೊಂದು 2018ರಲ್ಲಿ ಮಗಳ ಹೆಸರಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆದಿದೆ ಎಂದುಕೊಳ್ಳೋಣ. 21 ವರ್ಷಗಳ ಆ ಖಾತೆಯ ಅವಧಿ ಮುಗಿಯುವುದು 2039ರಲ್ಲಿ. ಈ ಲೆಕ್ಕವನ್ನು ಹಳೆಯ 32 ಬಿಟ್ ತಂತ್ರಾಂಶವೊಂದಕ್ಕೆ ಒಪ್ಪಿಸಿದರೆ, ಅದು 1903ರ ಆಸುಪಾಸಿನ ದಿನಾಂಕವನ್ನು ತೋರಿಸೀತು!

ಯುನಿಕ್ಸ್ ಮಾದರಿಯ ಕಂಪ್ಯೂಟರ್‌ಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಧನ, ಋಣ ಎರಡನ್ನೂ ಹಿಡಿಯುವ 32 ಬಿಟ್‌ಗಳ ಕೊಳಗದಲ್ಲಿ ತುಂಬಬಹುದಾದ ಗರಿಷ್ಠ ಸಂಖ್ಯೆ 214,74,83,647. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು ತುಂಬಿ ತುಳುಕುತ್ತದೆ. ಮರುಕ್ಷಣವೇ ಎಣಿಕೆ ಋಣಸಂಖ್ಯೆಗೆ ಜಾರಿ, ಗಡಿಯಾರ 1901ರ ಡಿಸೆಂಬರ್‌ಗೆ ಮರಳುತ್ತದೆ.

ಪರಿಹಾರ ಸರಳವೆಂದು ತೋರುತ್ತದೆ. ಕೊಳಗವನ್ನು 64 ಬಿಟ್‌ಗೆ ಹಿಗ್ಗಿಸಿದರೆ ಸುಮಾರು 29,200 ಕೋಟಿ ವರ್ಷಗಳಿಗೆ ಸಾಕು. 32 ಬಿಟ್ ಯಂತ್ರಗಳಿಗೆ ಅಗತ್ಯವಾದ ಬದಲಾವಣೆಯನ್ನು ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್, 2020ರ 5.6ನೇ ಆವೃತ್ತಿಯ ವೇಳೆಗೆ ಅಳವಡಿಸಿಕೊಂಡಿತು. ಆದರೆ ಸಾಮಾನ್ಯ ತಂತ್ರಾಂಶಗಳು ಸಮಯವನ್ನು ಕೇಳುವುದು ನಡುವಿನ ಮಧ್ಯವರ್ತಿಯಾದ ಸಿ ಲೈಬ್ರರಿಯನ್ನು. ಅದು ಏಕಾಏಕಿ ಅಳತೆ ಬದಲಿಸಿದರೆ, ಹಳೆಯ ಅಳತೆಯನ್ನೇ ನಂಬಿದ ತಂತ್ರಾಂಶಗಳು ಕುಸಿಯುತ್ತವೆ.

ಆದ್ದರಿಂದ ಗ್ನು ಸಿ ಲೈಬ್ರರಿ 2021ರ ಆಗಸ್ಟ್‌ನಲ್ಲಿ ಬಂದ 2.34ನೇ ಆವೃತ್ತಿಯಲ್ಲಿ ಮಧ್ಯಮಾರ್ಗ ಹಿಡಿಯಿತು. ಹಳೆಯ ತಂತ್ರಾಂಶಕ್ಕೆ ಹಳೆಯ ಅಳತೆ. ಬಯಸಿ ಮರುಸಂಕಲನಗೊಂಡ ತಂತ್ರಾಂಶಕ್ಕೆ ಹಿರಿಯ ಅಳತೆ. ಎರಡೂ ಒಂದೇ ಲೈಬ್ರರಿಯಲ್ಲಿ ಕೂಡಿ ಬಾಳುತ್ತವೆ.

ತೊಡಕಿರುವುದೂ ಇಲ್ಲಿಯೇ. ಮರುಸಂಕಲನಗೊಳ್ಳದ ತಂತ್ರಾಂಶಕ್ಕೆ ಈ ಸೌಲಭ್ಯ ದಕ್ಕದು. ಹಿರಿಯ ಅಳತೆಯ ತಂತ್ರಾಂಶವು ಕಿರಿಯ ಅಳತೆಯ ಇನ್ನೊಂದು ಲೈಬ್ರರಿಯೊಡನೆ ಸಮಯವನ್ನು ಹಂಚಿಕೊಂಡರೆ ಮಾಹಿತಿ ಅಸ್ತವ್ಯಸ್ತವಾಗುತ್ತದೆ. ಡೆಬಿಯನ್ ಲಿನಕ್ಸ್ ಬಳಗ 2024ರಲ್ಲಿ ನೂರಾರು ಲೈಬ್ರರಿಗಳನ್ನು ಒಟ್ಟಾಗಿ ಮರುನಿರ್ಮಿಸಬೇಕಾಗಿ ಬಂದದ್ದು ಇದರಿಂದಲೇ. ಇಷ್ಟಾದರೂ, ಕಡತದಲ್ಲಿ ದಿನಾಂಕಕ್ಕೆ ಮೀಸಲಿಟ್ಟ ಜಾಗ 32 ಬಿಟ್‌ನದೇ ಆಗಿದ್ದರೆ ದೋಷ ಅಲ್ಲಿಯೇ ಉಳಿಯುತ್ತದೆ.

ಇಂದಿನ ಮೇಜಿನ ಕಂಪ್ಯೂಟರ್‌ಗಳು ಬಹುತೇಕ 64 ಬಿಟ್‌ನವು. ಅವುಗಳ ಬಗ್ಗೆ ಆತಂಕ ಕಡಿಮೆ. ಚಿಂತೆ ಇರುವುದು ಗೋಡೆಯಲ್ಲಿ, ಕಂಬದಲ್ಲಿ, ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಮೌನವಾಗಿ ದುಡಿಯುವ ಚಿಕ್ಕ ನಿಯಂತ್ರಕಗಳದ್ದು. ಇದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಪಾರ್ಕ್‌ನ ಮೊದಲ ಹಂತ 2018ರಲ್ಲಿ ಆರಂಭವಾಯಿತು. ಅಲ್ಲಿನ ವಿದ್ಯುತ್ ಖರೀದಿ ಒಪ್ಪಂದಗಳ ಅವಧಿ 25 ವರ್ಷ. ಅಂದರೆ 2038ನ್ನು ದಾಟುತ್ತವೆ. ಇಂಥ ದೀರ್ಘಾವಧಿಯ ಸ್ಥಾವರಗಳಿಗೆ ಉಪಕರಣ ಕೊಳ್ಳುವವರು ಬೆಲೆ, ಖಾತರಿಗಳ ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಇದರೊಳಗಿನ ಗಡಿಯಾರ 2038ರ ಆಚೆಗೂ ಎಣಿಸಬಲ್ಲುದೇ?