ಸಿಗಾರ್ ಪೆಟ್ಟಿಗೆಯಲ್ಲಿ ಬೂಷ್ಟು

ಕ್ಯೂಬಾ ದ್ವೀಪದ ಪಿನಾರ್ ದೆಲ್ ರಿಯೋ ಪ್ರಾಂತ್ಯದ ಹೊಗೆಸೊಪ್ಪು ಜಗತ್ಪ್ರಸಿದ್ಧ. ಅದರಿಂದ ಸುತ್ತಿದ ಸಿಗಾರು ಒಣಗಿದರೆ ಬಿರಿಯುತ್ತದೆ, ತೇವ ಮಿತಿಮೀರಿದರೆ ಬೂಷ್ಟು ಹಿಡಿಯುತ್ತದೆ. ಆದುದರಿಂದಲೇ ರಸಿಕರು ಅದನ್ನು ಸೀಡರ್ ಮರದ ಒಳಹೊದಿಕೆಯುಳ್ಳ ‘ಹ್ಯೂಮಿಡಾರ್’ ಎಂಬ ಪೆಟ್ಟಿಗೆಯಲ್ಲಿ, ಶೇಕಡ 65ರಿಂದ 70ರ ಆರ್ದ್ರತೆಯಲ್ಲಿ ವರ್ಷಗಟ್ಟಲೆ ಕಾಪಾಡುತ್ತಾರೆ. ಈ ಹದವನ್ನು ಕಾಯುವುದಕ್ಕೆಂದು ಒಳಗೆ ಸಿಲಿಕಾ ಮಣಿಗಳನ್ನು ಇಡುವುದುಂಟು. ತೇವ ಹೆಚ್ಚಿದರೆ ಅವು ಹೀರಿಕೊಳ್ಳುತ್ತವೆ, ಕಡಿಮೆಯಾದರೆ ಬಿಟ್ಟುಕೊಡುತ್ತವೆ.

ಆದರೆ ಕೆಲವೊಮ್ಮೆ ಈ ಮಣಿಗಳಿಗೇ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಬೂಷ್ಟಿಗೆ ಆಹಾರವಲ್ಲ. ಮಣಿಗಳ ಮೇಲೆ ಕುಳಿತ ಎಲೆಯ ಪುಡಿ, ಧೂಳುಗಳೇ ಅದಕ್ಕೆ ಗ್ರಾಸ. ಇವುಗಳೊಡನೆ ಅತಿಯಾದ ನೀರೂ ಸೇರಿದರೆ, ಉಪ್ಪಿನಕಾಯಿಯ ಭರಣಿಗೆ ಒದ್ದೆ ಸೌಟು ಇಳಿಸಿದಂತೆಯೇ ಸರಿ.

ಆದುದರಿಂದ ಮಣಿಗಳಿಗೆ ಬಟ್ಟಿಯಿಳಿಸಿದ ನೀರನ್ನೇ ತುಂತುರಾಗಿ ಸಿಂಪಡಿಸಬೇಕು. ನಲ್ಲಿಯ ನೀರಿನ ಲವಣಗಳು ಅವುಗಳ ಸೂಕ್ಷ್ಮರಂಧ್ರಗಳನ್ನು ಮುಚ್ಚುತ್ತವೆ. ನೆನೆದ ಮಣಿ ಪಾರದರ್ಶಕವಾಗುತ್ತದೆ, ಒಣಮಣಿ ಬೆಳ್ಳಗಿರುತ್ತದೆ. ಕೆಲವಾದರೂ ಬೆಳ್ಳಗೇ ಉಳಿಯಲಿ. ಹೆಚ್ಚಾದ ತೇವವನ್ನು ಹೀರಬೇಕಾದವು ಅವೇ. ಬೂಷ್ಟು ಕಂಡ ಮಣಿಗಳನ್ನು ಎಸೆದು, ಪೆಟ್ಟಿಗೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ, ಚೆನ್ನಾಗಿ ಆರಿಸಿ, ಹೊಸ ಮಣಿಗಳನ್ನಿಡುವುದು ಲೇಸು.

ನೀರು ಸಾಲದಿದ್ದರೆ ನಾಳೆ ಸೇರಿಸಬಹುದು. ಬೂಷ್ಟು ಒಳಹೊಕ್ಕ ಸಿಗಾರಿಗೆ ಹಳೆಯ ಪರಿಮಳವನ್ನು ಮರಳಿ ತರಲಾಗದು.