ಲೋಹಬಂಧಕ ಪ್ರೋಟೀನಿನ ವಂಶವಾಹಿ: ತಾಮ್ರದ ಪಾತ್ರೆಯ ಹಿನ್ನೆಲೆಯಲ್ಲಿ

ನಾಸಿಕ್ ರೋಡ್ ನಿಲ್ದಾಣದಲ್ಲಿಳಿದು ನಾಸಿಕ ನಗರಕ್ಕೆ ಹೋದವರಿಗೆ ಅಲ್ಲಿನ ಭಾಂಡೀ ಬಜಾರಿನ ತಾಮ್ರ ಹಿತ್ತಾಳೆಯ ಪಾತ್ರೆಗಳು ಪರಿಚಿತವೇ. ಕಲಾಯಿಯಿಲ್ಲದ ಇಂತಹ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲೇ ಎಳೆಯ ಮಕ್ಕಳ ಯಕೃತ್ತನ್ನು ಹಾಳುಗೆಡವುವ ‘ಭಾರತೀಯ ಬಾಲ ಸಿರೋಸಿಸ್’ ರೋಗಕ್ಕೆ ಮುಖ್ಯ ಕಾರಣವೆಂಬ ನಿಲುವಿಗೆ 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಸಂಶೋಧನೆಗಳು ಬಂದವು. ಕಲಾಯಿ ಎಂಬ ಪದ ತವರವೆಂಬರ್ಥದ ಅರಬ್ಬೀ ಮೂಲದ್ದೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು.

ಹಾಗಾದರೆ ಜೀವಕೋಶಕ್ಕೆ ತನ್ನದೇ ಆದ ರಕ್ಷಣೆಯಿಲ್ಲವೇ? ಉಂಟು. 1957ರಲ್ಲಿ ಮಾರ್ಗೋಶೆಸ್ ಮತ್ತು ವ್ಯಾಲಿ ಅವರು ಕುದುರೆಯ ಮೂತ್ರಪಿಂಡದಲ್ಲಿ ಗುರುತಿಸಿದ ಮೆಟಲೋಥಯೋನೀನ್ ಎಂಬ ಪುಟ್ಟ ಪ್ರೋಟೀನು ತನ್ನ ಸುಮಾರು 60 ಅಮೈನೋ ಆಮ್ಲಗಳಲ್ಲಿ 20 ಸಿಸ್ಟೀನುಗಳನ್ನೇ ಹೊಂದಿದ್ದು, ಅವುಗಳ ಗಂಧಕದಿಂದ ಲೋಹವನ್ನು ಹಿಡಿದಿಡುತ್ತದೆ. ಇದರ ವಂಶವಾಹಿಯನ್ನು ಎಚ್ಚರಿಸುವುದೂ ಲೋಹವೇ ಎಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. ಎಂಟಿಎಫ್-1 ಎಂಬ ನಿಯಂತ್ರಕ ಪ್ರೋಟೀನಿಗೆ ಸತು ಸೇರಿದಾಗ ಅದು ಕೋಶಕೇಂದ್ರದಲ್ಲಿ ಆ ವಂಶವಾಹಿಯ ಮುಂಭಾಗದ ನಿಯತ ಡಿಎನ್‌ಎ ತಾಣಗಳಿಗೆ ಅಂಟಿಕೊಳ್ಳುತ್ತದೆ. ಪ್ರೋಟೀನಿನ ತಯಾರಿಕೆ ಹೆಚ್ಚುತ್ತದೆ. ತಾಮ್ರವಾದರೋ ಈ ನಿಯಂತ್ರಕವನ್ನು ನೇರವಾಗಿ ಚೋದಿಸದೆ, ಮೊದಲೇ ಇದ್ದ ಮೆಟಲೋಥಯೋನೀನಿನಿಂದ ಸತುವನ್ನು ಹೊರದೂಡಿ, ಅದರ ಮೂಲಕ ತನ್ನ ಆಗಮನವನ್ನು ಅರುಹುತ್ತದೆ. ಯೀಸ್ಟಿನ ಏಸ್-1 ನಿಯಂತ್ರಕ ಮಾತ್ರ ತಾಮ್ರವನ್ನೇ ಗ್ರಹಿಸಬಲ್ಲುದು.

ತಾಮ್ರವನ್ನು ಪಿತ್ತರಸದೊಡನೆ ಹೊರಹಾಕುವ ಸಾಮರ್ಥ್ಯ ಕೂಸಿನ ಯಕೃತ್ತಿಗೆ ಇನ್ನೂ ಪೂರ್ಣವಾಗಿ ಬಂದಿರುವುದಿಲ್ಲ. ದಿನವೂ ಹಾಲಿನೊಡನೆ ಸೇರುವುದನ್ನು ಈ ಪ್ರೋಟೀನು ಎಷ್ಟೆಂದು ಬಂಧಿಸೀತು? ಸ್ಟೀಲು ಪಾತ್ರೆಗಳು ಬಳಕೆಗೆ ಬಂದ ಮೇಲೆ ಈ ರೋಗ ಬಹುಮಟ್ಟಿಗೆ ಕಣ್ಮರೆಯಾಗಿದೆ.