ಎತ್ತಿಗೆ ಸೋಮವಾರವಿದೆ, ಓಟಗಾರನಿಗೆ?

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಬೆಳಗು ಹರಿಯುವ ಮುನ್ನ ರಸ್ತೆಯ ಅಂಚಿನಲ್ಲಿ ಓಡುವವರೆಂದರೆ ಬಹುಕಾಲ ಪೋಲೀಸ್ ಇಲಾಖೆಗೋ ಸೈನ್ಯಕ್ಕೋ ಭರ್ತಿಯಾಗಬಯಸುವ ತರುಣರು ಮಾತ್ರ. ಅವರ ಗುರಿ 1,600 ಮೀಟರಿನದು. ಭರ್ತಿಯಾದರೆ ಓಟವೂ ಮುಗಿಯಿತು. ಈಚೆಗೆ ಇನ್ನೊಂದು ಬಗೆಯ ಓಟಗಾರರು ಹುಟ್ಟಿಕೊಂಡಿದ್ದಾರೆ. ಯಾವ ಹುದ್ದೆಯ ಆಸೆಯೂ ಇಲ್ಲದೆ, ಸಕ್ಕರೆ ಕಾಯಿಲೆಯ ಭಯಕ್ಕೋ ಸ್ನೇಹಿತರ ಒತ್ತಾಯಕ್ಕೋ ಓಡತೊಡಗಿ, ಕೊನೆಗೆ ಓಟದ ರುಚಿ ಹತ್ತಿ, ಮುಂಬಯಿಗೋ ಬೆಂಗಳೂರಿಗೋ ಹೋಗಿ ಪೂರ್ಣ ಮ್ಯಾರಥಾನ್ ಮುಗಿಸಿ ಕೊರಳಲ್ಲಿ ಪದಕ ಹಾಕಿಕೊಂಡು ಬರುವವರು ಇವರು. ಇಂಥವರು ಇರುವ ಮನೆಗಳನ್ನು ಕುರಿತು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ. ಓಡುವವರಿಗೆ ಹೇಳಬೇಕಾದುದಕ್ಕಿಂತ ಅವರ ಮನೆಯವರಿಗೆ ಹೇಳಬೇಕಾದುದೇ ಹೆಚ್ಚಿದೆ ಎಂಬುದು ನಮ್ಮ ಅಭಿಪ್ರಾಯ.

ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರ್. ಈ ವಿಚಿತ್ರ ಅಳತೆ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಳಕೆಗೆ ಬಂದು 1921ರಲ್ಲಿ ಅಧಿಕೃತವಾಯಿತು. ನಮ್ಮ ನೆಲದ ಲೆಕ್ಕದಲ್ಲಿ ಹೇಳುವುದಾದರೆ, ರೋಣದಿಂದ ಹೊರಟು ನರಗುಂದದ ಗುಡ್ಡದ ಬುಡ ಮುಟ್ಟುವುದು ಹೆಚ್ಚು ಕಡಿಮೆ ಅಷ್ಟೇ ದೂರ. ರೋಣದಿಂದ ಪೂರ್ವಕ್ಕೆ ಗಜೇಂದ್ರಗಡ ಅದಕ್ಕಿಂತ ಹತ್ತಿರ. ಅದು ಮ್ಯಾರಥಾನ್ ಸಿದ್ಧತೆಯಲ್ಲಿ ಓಟಗಾರನು ಒಮ್ಮೆ ಓಡುವ ಅತಿ ದೊಡ್ಡ ಅಭ್ಯಾಸದ ಓಟಕ್ಕೆ ಸಮನಾದೀತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಈ ದಾರಿಗಳನ್ನು ನೋಡಿದವರಿಗೆ, ಇಷ್ಟನ್ನೂ ಕಾಲಿನ ಮೇಲೆಯೇ ಓಡಿ ಬಂದ ದೇಹ ಏನನ್ನು ಅನುಭವಿಸಿರಬಹುದೆಂಬ ಕಲ್ಪನೆ ಬರುತ್ತದೆ.

ಕನ್ನಡ ನಾಡಿಗೆ ಈ ಓಟ ಹೊಸದೇನಲ್ಲ. 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿ ಮುಗಿಸಿದವರು ನಮ್ಮ ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆಯವರು. ಆಗ ಬೆಳಗಾವಿಯೂ, ನಮ್ಮ ರೋಣ ನರಗುಂದಗಳನ್ನೊಳಗೊಂಡ ಧಾರವಾಡ ಜಿಲ್ಲೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟವನ್ನು ನೋಡಿದ ಸರ್ ದೊರಾಬ್ಜಿ ಟಾಟಾ ಅವರು, ಬರಿಗಾಲಲ್ಲಿ ಓಡುತ್ತಿದ್ದ ರೈತಾಪಿ ಓಟಗಾರರ ಶಕ್ತಿಗೆ ಬೆರಗಾಗಿ, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂದು ಮುಂದಾದರು. ಆಯ್ಕೆಯಾದ ತಂಡ 1920ರ ಜೂನ್ ತಿಂಗಳಲ್ಲಿ ಹಡಗು ಏರಿತು. ಲಂಡನ್ನಿನಲ್ಲಿ ಕೆಲವು ವಾರ ತರಬೇತಿ ನಡೆಯಿತು. ಬರಿಗಾಲಿನ ರೂಢಿಯವರು ಅಲ್ಲಿ ಬೂಟು ಹಾಕಿಕೊಂಡು ಓಡುವುದನ್ನು ಕಲಿಯಬೇಕಾಯಿತು. ಆಗಸ್ಟ್ 22ರಂದು ಓಟ. ಆ ವರ್ಷದ ದಾರಿ 42.75 ಕಿ.ಮೀ., ಒಲಿಂಪಿಕ್ಸ್‌ನ ಮ್ಯಾರಥಾನ್‌ಗಳಲ್ಲೆಲ್ಲ ಅತಿ ಉದ್ದವಾದುದು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಟ ಮುಗಿಸಿ 19ನೆಯವರಾದರು. ಭಾಗಿಸಿ ನೋಡಿದರೆ ಪ್ರತಿ ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೂ ಒಂದಿಷ್ಟು ಕಡಿಮೆಯೇ ಬರುತ್ತದೆ. ಇಂದಿನ ಬೂಟು, ಗಡಿಯಾರ, ಪೇಯಗಳೆಲ್ಲವನ್ನೂ ಕೈಯಲ್ಲಿಟ್ಟುಕೊಂಡ ನಮ್ಮ ತರುಣರು ಈ ವೇಗದಲ್ಲಿ ಹತ್ತು ಕಿಲೋಮೀಟರ್ ಓಡಿ ನೋಡಲಿ. ಜೊತೆಗೆ ಹೋಗಿದ್ದ ಸದಾಶಿವ ದಾತಾರ್ ಅವರಿಗೆ ಅದೇ ಓಟವನ್ನು ಮುಗಿಸಲಾಗಲಿಲ್ಲ.

ಚೌಗುಲೆಯವರ ಕಾಲದಲ್ಲಿ ಒಂದು ದೊಡ್ಡ ಓಟಕ್ಕೂ ಇನ್ನೊಂದಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ತಾನಾಗಿಯೇ ಬೀಳುತ್ತಿತ್ತು, ಏಕೆಂದರೆ ಓಟಗಳೇ ವಿರಳ. ಇಂದು ಹಾಗಿಲ್ಲ. ಜನವರಿಯ ಮೂರನೆಯ ಭಾನುವಾರ ಮುಂಬಯಿಯಲ್ಲಿ ಓಡಿದವನಿಗೆ ಫೆಬ್ರವರಿ ಕೊನೆಗೆ ದಿಲ್ಲಿಯ ಓಟ ಕೈ ಬೀಸಿ ಕರೆಯುತ್ತದೆ. ನಡುವೆ ಐದೋ ಆರೋ ವಾರ. ಹೆಸರು ನೋಂದಾಯಿಸಲು ಮೊಬೈಲಿನಲ್ಲಿ ಎರಡು ನಿಮಿಷ ಸಾಕು. ನಮ್ಮ ಹವ್ಯಾಸಿ ಓಟಗಾರರು ಕೆಡುತ್ತಿರುವುದು ಬಹುಮಟ್ಟಿಗೆ ಇಲ್ಲಿಯೇ, ಈ ಐದಾರು ವಾರಗಳಲ್ಲಿ.

ನಮ್ಮ ಭಾಗದ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರುವುದಿಲ್ಲ. ಅದು ಬಸವಣ್ಣನ ವಾರ. ಹದ ಎಷ್ಟೇ ಚೆನ್ನಾಗಿರಲಿ, ಮೋಡ ಎಷ್ಟೇ ಕವಿದಿರಲಿ, ಹಿರಿಯರು ಈ ನಿಯಮವನ್ನು ಮುರಿಯಗೊಡುತ್ತಿರಲಿಲ್ಲ. ಭಕ್ತಿಯ ಮಾತು ಹಾಗಿರಲಿ, ಆರು ದಿನ ದುಡಿದ ಎತ್ತಿಗೆ ಏಳನೆಯ ದಿನ ಏನು ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಓಟಗಾರನ ದೇಹದಲ್ಲಿ ನಡೆಯುವುದೂ ಬೇರೆಯಲ್ಲ. ಓಡುವಾಗ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುತ್ತವೆ. ಅವು ಮತ್ತೆ ಕೂಡಿಕೊಂಡು ಮೊದಲಿಗಿಂತ ಗಟ್ಟಿಯಾಗುವುದು ನಿದ್ರೆಯಲ್ಲಿ, ಊಟದಲ್ಲಿ, ಬಿಡುವಿನಲ್ಲಿ. ಬಿಡುವನ್ನು ಕೊಡದಿದ್ದರೆ ಹರಿದುದರ ಮೇಲೆಯೇ ಮತ್ತೆ ಹರಿಯುತ್ತದೆ.

ಸಿದ್ಧತೆಯ ಮಾತಿಗೆ ಬರೋಣ. ಮುಂಬಯಿಯ ಓಟಕ್ಕೆ ಹೋಗುವವರು ಹದಿನಾರು ವಾರ ಮೊದಲು, ಅಂದರೆ ಸೆಪ್ಟೆಂಬರ್ ಕೊನೆಗೆ ಆರಂಭಿಸಬೇಕು. ಎರಿ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಬಿತ್ತಿಗೆ ನಡೆಯುವ ಕಾಲವೂ ಅದೇ. ಬೆಳಿಗ್ಗೆ ಹದಿನೈದು ಕಿಲೋಮೀಟರ್ ಓಡಿ, ಹಗಲೆಲ್ಲ ಕೂರಿಗೆಯ ಹಿಂದೆ ನಡೆದವನು ಮರುದಿನ 'ಇಂದು ಓಟಕ್ಕೆ ಬಿಡುವು' ಎಂದು ಹೇಳಿ ಮತ್ತೆ ಹೊಲಕ್ಕೆ ಹೋದರೆ ಅದು ಬಿಡುವೇ ಅಲ್ಲ. ಪಟ್ಟಣದ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂಡುವವರಿಗಾಗಿ ಬರೆದ ಅಭ್ಯಾಸದ ಪಟ್ಟಿಗಳನ್ನು ನಮ್ಮ ಒಕ್ಕಲು ಮಕ್ಕಳು ಅಕ್ಷರಶಃ ಪಾಲಿಸಬಾರದು. ಹೊಲದ ದುಡಿಮೆಯನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ವಾರಕ್ಕೆ ನಾಲ್ಕು ದಿನ ಓಡಿದರೆ ಹವ್ಯಾಸಿಗೆ ಸಾಕು. ಅದರಲ್ಲಿ ಮೂರು ಪಾಲು, ಜೊತೆಗಾರನೊಡನೆ ಮಾತನಾಡುತ್ತ ಓಡಬಹುದಾದಷ್ಟು ನಿಧಾನವಾಗಿರಬೇಕು. ವಾರದಲ್ಲಿ ಒಂದು ದಿನ ಉದ್ದದ ಓಟ, ಅದನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋಗಿ, ನಾಲ್ಕು ವಾರಕ್ಕೊಮ್ಮೆ ಇಳಿಸಬೇಕು. ಅತಿ ಉದ್ದದ ಓಟ, ಮೇಲೆ ಹೇಳಿದ ರೋಣ-ಗಜೇಂದ್ರಗಡದ ಅಳತೆಯದು, ಸ್ಪರ್ಧೆಗೆ ಮೂರು ವಾರ ಮೊದಲೇ ಮುಗಿದಿರಬೇಕು. ಕೊನೆಯ ಮೂರು ವಾರ ಓಟವನ್ನು ಇಳಿಸುತ್ತ ಬರುವುದು ಎಲ್ಲರಿಗೂ ಕಷ್ಟ. ಕಾಲು ತುಡಿಯುತ್ತವೆ, ಮಾಡಿದ್ದೆಲ್ಲ ಕೈಬಿಟ್ಟು ಹೋಗುತ್ತಿದೆ ಎನಿಸುತ್ತದೆ. ಹೋಗುವುದಿಲ್ಲ.

ನೆಲದ ವಿಚಾರದಲ್ಲಿ ನಮ್ಮ ಸೀಮೆಗೆ ತನ್ನದೇ ಆದ ಸ್ವಭಾವವಿದೆ. ಎರಿ ಮಣ್ಣು ಮಳೆಯಲ್ಲಿ ಬೂಟಿಗೆ ಸೇರುಗಟ್ಟಲೆ ಅಂಟುತ್ತದೆ, ಬೇಸಗೆಯಲ್ಲಿ ಪಾದವೇ ಇಳಿಯುವಷ್ಟು ಬಿರಿಯುತ್ತದೆ. ನರಗುಂದದ ಕಡೆ ಮಲಪ್ರಭಾ ಕಾಲುವೆಯ ದಂಡೆಯ ದಾರಿ ಮೊಣಕಾಲಿಗೆ ಡಾಂಬರಿಗಿಂತ ಹಿತ. ಗಜೇಂದ್ರಗಡದ ಗುಡ್ಡದ ಏರು ಎದೆಗೂ ತೊಡೆಗೂ ಒಳ್ಳೆಯ ಪಾಠ ಕಲಿಸುತ್ತದೆ. ಆದರೆ ಏರುವುದಕ್ಕಿಂತ ಇಳಿಯುವಾಗಲೇ ತೊಡೆಯ ಸ್ನಾಯು ಹೆಚ್ಚು ಹರಿಯುವುದರಿಂದ ಇಳಿಜಾರಿನಲ್ಲಿ ಉತ್ಸಾಹ ಬೇಡ.

ಊಟದಲ್ಲಿ ನಮ್ಮವರಿಗೆ ಹೊರಗಿನವರು ಕಲಿಸಬೇಕಾದುದು ಹೆಚ್ಚಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇವಿಷ್ಟರಲ್ಲಿ ಓಟಗಾರನಿಗೆ ಬೇಕಾದ ಬಹುಪಾಲು ಇದೆ. ಸ್ಪರ್ಧೆಯ ಹಿಂದಿನ ಎರಡು ಮೂರು ದಿನ ಮಾತ್ರ ಸೊಪ್ಪು, ಕಾಳು, ಖಾರಗಳನ್ನು ಇಳಿಸಿ ಅನ್ನ, ಗೋಧಿಯ ಸಜ್ಜಕಗಳನ್ನು ಹೆಚ್ಚಿಸಬೇಕು. ದೇಹದಲ್ಲಿ ಕೂಡಿಟ್ಟ ಪಿಷ್ಟದ ಇಂಧನ ಬಹುತೇಕ ಜನರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಬರಿದಾಗುತ್ತದೆ; ಅಲ್ಲಿಯವರೆಗೆ ಹಾರುತ್ತ ಬಂದವನು ಒಮ್ಮೆಲೇ ಹೆಜ್ಜೆ ಎತ್ತಲಾರದವನಾಗುತ್ತಾನೆ. ಅದಕ್ಕಾಗಿ ಓಡುವಾಗಲೂ ಬೆಲ್ಲವೋ ಬಾಳೆಹಣ್ಣೋ ಬಾಯಿಗೆ ಬೀಳುತ್ತಿರಬೇಕು. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು, ಹೆದರಿ ಹೊಟ್ಟೆ ತುಂಬಿಸಬಾರದು. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಉಪ್ಪಿನ ಅಂಶ ಅಪಾಯಕರವಾಗಿ ಇಳಿದಿತ್ತು. ಅತಿಯಾಗಿ ದ್ರವ ಕುಡಿದುದೇ ಅದಕ್ಕೆ ಮುಖ್ಯ ಕಾರಣ.

ಇನ್ನು ಓಟ ಮುಗಿದ ಮೇಲಿನ ವಿಷಯ. ಮನೆಯವರು ಗಮನವಿಟ್ಟು ಓದಬೇಕೆಂದು ಕೋರುತ್ತೇವೆ.

ಗೆರೆ ದಾಟಿದ ಕೂಡಲೇ ಕುಸಿದು ಕೂಡಬಾರದು. ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಯಬೇಕು. ಒಣ ಬಟ್ಟೆ, ಉಪ್ಪು ಹಾಕಿದ ಮಜ್ಜಿಗೆ, ಗಂಟೆಯೊಳಗೆ ಏನಾದರೂ ಊಟ. ಅದೇ ರಾತ್ರಿ ರೈಲು ಹಿಡಿದು ಊರಿಗೆ ಮರಳುವವರು ತಾಸಿಗೊಮ್ಮೆ ಎದ್ದು ಡಬ್ಬಿಯಲ್ಲಿ ಅಡ್ಡಾಡಬೇಕು. ಕಾಲು ಮಡಚಿ ಗಂಟೆಗಟ್ಟಲೆ ಕೂತರೆ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ನೋವು ಅತಿಯಾಗುವುದು ಮೊದಲ ದಿನವಲ್ಲ, ಎರಡನೆಯ ಮೂರನೆಯ ದಿನ. ಆಗ ಮೆಟ್ಟಿಲು ಹತ್ತುವುದು ಸುಲಭ, ಇಳಿಯುವುದೇ ಕಷ್ಟ. ಬೆನ್ನು ತಿರುಗಿಸಿ ಹಿಮ್ಮುಖವಾಗಿ ಇಳಿಯುವ ಪದಕವಿಜೇತರನ್ನು ನೋಡಿ ಮಕ್ಕಳು ನಕ್ಕರೆ ನಗಲಿ. ಎಣ್ಣೆ ಕಾಯಿಸಿ ಬಲವಾಗಿ ತಿಕ್ಕುವ ಅಜ್ಜಿಯರ ಉತ್ಸಾಹವನ್ನು ಮಾತ್ರ ನಾಲ್ಕು ದಿನ ತಡೆಯಬೇಕು. ಹರಿದ ಎಳೆಯನ್ನು ತಿಕ್ಕಿ ಕೂಡಿಸಲಾಗದು. ಹಗುರವಾಗಿ ಸವರುವುದಕ್ಕೆ ಅಡ್ಡಿಯಿಲ್ಲ.

ನೋವಿನ ಮಾತ್ರೆಯ ವಿಷಯದಲ್ಲಿ ನಾವು ಕಟುವಾಗಿಯೇ ಹೇಳುತ್ತೇವೆ. ಅಂಗಡಿಯಿಂದ ತಾನೇ ತಂದು, ಓಟದ ಮುಂಚೆ ಒಂದು, ನಡುವೆ ಒಂದು, ನಂತರ ಒಂದು ನುಂಗುವುದು ಅಪಾಯಕರ ಅಭ್ಯಾಸ; ನೀರು ಆರಿದ ದೇಹದಲ್ಲಿ ಆ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಓಟದ ನಂತರ ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ, ಮಾತು ತೊದಲಿದರೆ, ಎದೆ ಹಿಡಿದಂತಾದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂತಹ ನೋವು ವಾರವಾದರೂ ಹೋಗದಿದ್ದರೆ ಅದು ಎಲುಬಿನ ಬಿರುಕಿರಬಹುದು. ನಲವತ್ತು ದಾಟಿದವರು, ಸಕ್ಕರೆ ಅಥವಾ ರಕ್ತದೊತ್ತಡವಿದ್ದವರು ಅಭ್ಯಾಸ ಆರಂಭಿಸುವ ಮುನ್ನವೇ ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕು. ಓಡುವ ಹೆಣ್ಣುಮಕ್ಕಳು ರಕ್ತದ ಕಬ್ಬಿಣಾಂಶವನ್ನು ಪರೀಕ್ಷಿಸಿಕೊಳ್ಳಬೇಕು. ದಣಿವೆಂದು ತಿಳಿದುದು ಎಷ್ಟೋ ಸಲ ರಕ್ತಹೀನತೆಯಾಗಿರುತ್ತದೆ.

ಮೊದಲ ವಾರ ಓಟ ಬೇಡವೇ ಬೇಡ, ನಡಿಗೆ ಸಾಕು. ಸ್ನಾಯು ಹರಿದುದರ ಗುರುತು ರಕ್ತದಲ್ಲಿ ವಾರದವರೆಗೂ ಕಾಣುತ್ತದೆಂದು ವೈದ್ಯರು ಬಲ್ಲರು. ಎರಡನೆಯ ವಾರ ಅರ್ಧ ತಾಸಿನ ಹಗುರ ಓಟ ಎರಡು ಮೂರು ಸಲ. ಮೂರನೆಯ ನಾಲ್ಕನೆಯ ವಾರದಲ್ಲಿ ನಿಧಾನವಾಗಿ ಏರಿಕೆ. ಈ ಹೊತ್ತಿನಲ್ಲಿಯೇ ಊರಿನವರು "ಯಾಕ್ರೀ, ಓಡೂದು ಬಿಟ್ಟೀರೇನು?" ಎಂದು ಕೇಳತೊಡಗುತ್ತಾರೆ. ಶಾಲು, ಹಾರ, ಸನ್ಮಾನಗಳು ಒಂದೆಡೆ; ಆ ಪ್ರಶ್ನೆ ಇನ್ನೊಂದೆಡೆ. ತಿಂಗಳುಗಟ್ಟಲೆ ಒಂದೇ ದಿನಾಂಕಕ್ಕಾಗಿ ಬದುಕಿದ ಮನಸ್ಸೂ ಆಗ ಬರಿದಾದಂತೆ ಇರುತ್ತದೆ. ಆ ಖಾಲಿತನವನ್ನು ತುಂಬಲು ಬೆರಳು ಮುಂದಿನ ಓಟದ ನೋಂದಣಿಯತ್ತ ಹೋಗುತ್ತದೆ. "ಈ ತಿಂಗಳು ಬೇಡ" ಎಂದು ಹೇಳುವ ಹೆಂಡತಿಯೋ ತಾಯಿಯೋ ತಂದೆಯೋ ಮನೆಯಲ್ಲಿ ಇರಬೇಕಾದುದು ಆಗಲೇ. ಕೀನ್ಯಾದ ಎಲಿಯುಡ್ ಕಿಪ್ಚೋಗೆ 2018ರಲ್ಲಿ ಏಪ್ರಿಲ್‌ನಲ್ಲಿ ಲಂಡನ್, ಸೆಪ್ಟೆಂಬರ್‌ನಲ್ಲಿ ಬರ್ಲಿನ್, ಹೀಗೆ ವರ್ಷಕ್ಕೆ ಎರಡೇ ಮ್ಯಾರಥಾನ್ ಓಡಿ, ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 39 ಸೆಕೆಂಡುಗಳ ವಿಶ್ವದಾಖಲೆ ಮಾಡಿದರು. ಓಟವೇ ವೃತ್ತಿಯಾದವರು ಐದು ತಿಂಗಳು ಬಿಡುವಾಗ, ಅಂಗಡಿ, ಹೊಲ, ಮಕ್ಕಳ ಪರೀಕ್ಷೆಗಳ ನಡುವೆ ಓಡುವವರಿಗೆ ಐದು ವಾರ ಸಾಲುವುದಾದರೂ ಹೇಗೆ?

ಜನವರಿಯಲ್ಲಿ ಓಡಿದವರಿಗೆ ನಮ್ಮ ಸೀಮೆಯ ಋತುಮಾನವೇ ದಾರಿ ತೋರುತ್ತದೆ. ಫೆಬ್ರವರಿ ಸುಗ್ಗಿಯ ಕಾಲ. ಜೋಳ ಕೀಳುವ, ತೆನೆ ಮುರಿಯುವ ಕೆಲಸಕ್ಕೆ ಮೈ ಬೇಕು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಹೊತ್ತೇರಿದ ಮೇಲೆ ಓಡುವುದು ಸಲ್ಲದು. ಯುಗಾದಿಗೆ ಶ್ರೀಶೈಲದ ಪಾದಯಾತ್ರೆಗೆ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ಕಂಬಿಯೊಂದಿಗೆ ದಿನಗಟ್ಟಲೆ ನಡೆಯುವ ಆ ಯಾತ್ರೆಯನ್ನು 'ಅದು ಬರಿಯ ನಡಿಗೆ' ಎಂದು ಓಟಗಾರರು ಲೆಕ್ಕದಿಂದ ಬಿಡಬಾರದು. ಪಾದದ ಬೊಬ್ಬೆ ಆರುವವರೆಗೆ, ಮರಳಿ ಬಂದ ಮೇಲೆ ಹದಿನೈದು ದಿನವಾದರೂ ಬೂಟುಗಳು ಗೂಟದಲ್ಲಿಯೇ ಇರಲಿ. ಮುಂಗಾರಿಯ ಮೊದಲ ಮಳೆಗಳು ಬಿದ್ದು ಬೆಳಗಿನ ಗಾಳಿ ತಂಪಾದಾಗ, ಐದು ಕಿಲೋಮೀಟರಿನಿಂದ ಮತ್ತೆ ಆರಂಭಿಸಬಹುದು.